ಐಸ್‌ಕ್ಯಾಂಡಿ ಡಬ್ಬದ ಪಿಳ್ಳೆಗಳು

ಹೋದ ಬೇಸಿಗೆಯಿಂದ ಊರಿನಲ್ಲಿ ನನಗೆ ‘ಕಾವಿಗೆ ಕೂತ ಅಜ್ಜಿ’ ಎಂದು ಹೆಸರು ಬಿದ್ದಿದೆ. ಹಾಲಿನ ಡೈರಿಯ ಮುಂದೆ ಹೋದರೆ ಸಾಕು, ಒಬ್ಬರಲ್ಲ ಒಬ್ಬರು, “ಅಜ್ಜಿ, ಎಷ್ಟ್ ಮರಿ ಆದೋ?” ಎಂದು ಕೇಳುತ್ತಾರೆ. ಕೇಳಲಿ. ಆದರೆ ಒಬ್ಬೊಬ್ಬರು ಒಂದೊಂದು ತರ ಕತೆ ಕಟ್ಟಿಕೊಂಡು ತಿರುಗುತ್ತಿರುವುದರಿಂದ, ನಡೆದದ್ದನ್ನು ನಾನೇ ಹೇಳಿಬಿಡುವುದು ಮೇಲು.

ನನಗೆ ಕೋಳಿಗಳ ಮೇಲೆ ಅಂಥ ಪ್ರೀತಿಯೇನಿಲ್ಲ. ಕೋಳಿ ಎಂದರೆ ಮೊಟ್ಟೆ, ಸಾರು, ಬದನೆ ಗಿಡಕ್ಕೆ ಗೊಬ್ಬರ. ಮುದ್ದು ಮಾಡುವ ಪದಾರ್ಥವಲ್ಲ. ಆದರೆ ನನ್ನ ಕರಿಕೋಳಿಗಳು ಬೇರೆ ಜಾತಿ. ಮೊದಲ ಬಾಣಂತನ ಮುಗಿಸಿ ಅಕ್ಕಿಹೆಬ್ಬಾಳಿನಿಂದ ಹೊರಟಾಗ ನಮ್ಮವ್ವ ಒಂದು ಕರಿ ಹ್ಯಾಟೆಯನ್ನು, ಎಂದರೆ ಹೆಣ್ಣು ಕೋಳಿಯನ್ನು, ಬುಟ್ಟಿಯೊಳಗೆ ಕಟ್ಟಿ ಕೊಟ್ಟಿದ್ದಳು. ಗಂಡನ ಮನೆಗೆ ಹೋದ ಮೇಲೆ ಸಾರು ಮಾಡಿಕೊಂಡು ತಿನ್ನಲಿ ಎಂದೇ ಕೊಟ್ಟಿದ್ದು. ಅದು ರೈಲಿನಲ್ಲಿಯೇ ಒಂದು ಮೊಟ್ಟೆ ಇಟ್ಟು ಜೀವ ಉಳಿಸಿಕೊಂಡಿತು. ಮೊಟ್ಟೆ ಇಡುವ ಹ್ಯಾಟೆಯನ್ನು ಯಾರು ಕೊಯ್ಯುತ್ತಾರೆ? ಅಂದಿನಿಂದ ಇಂದಿನವರೆಗೆ ಅದರ ಮಕ್ಕಳು, ಮರಿಮಕ್ಕಳೇ ನಮ್ಮ ಹಿತ್ತಿಲಲ್ಲಿ ಕೆರೆಯುತ್ತಾ ಬಂದಿವೆ. ಹದ್ದು ಮೇಲೆ ಸುತ್ತುವ ಮೊದಲೇ ಇವಕ್ಕೆ ಗೊತ್ತಾಗುತ್ತದೆ. ಒಂದು ಕೂಗು ಹಾಕಿದರೆ ಪಿಳ್ಳೆಗಳೆಲ್ಲ ಬೇಲಿಯೊಳಗೆ ಮಾಯ. ಬೆಕ್ಕಿನ ಮೂತಿ ಹರಿದು ಕಳಿಸಿದ ಕೋಳಿಗಳು ಇವು. ಫಾರಂ ಕೋಳಿಯನ್ನು ಹಿತ್ತಿಲಿಗೆ ಬಿಟ್ಟು ನೋಡಿ, ಹದ್ದು ಬಂದರೆ ಯಾರೋ ನೆಂಟರು ಬಂದರು ಎಂಬ ಹಾಗೆ ಕತ್ತೆತ್ತಿ ನೋಡುತ್ತಾ ನಿಲ್ಲುತ್ತದೆ.

ಇನ್ನು ಡಬ್ಬದ ವಿಷಯ. ನನ್ನ ಸೊಸೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ವ್ಯಾನು ಹತ್ತಿದರೆ ಸಂಜೆಯೇ ಬರುವುದು. ವ್ಯಾನಿನಲ್ಲಿ ಕೂತು ಮೊಬೈಲು ನೋಡಿ ನೋಡಿ, ಸಂಕ್ರಾಂತಿ ಕಳೆದ ಮೇಲೆ ಒಂದು ಪಾರ್ಸಲ್ ತರಿಸಿದಳು. ಬಿಚ್ಚಿದರೆ ಥರ್ಮಾಕೋಲಿನ ಬಿಳಿ ಪೆಟ್ಟಿಗೆ. ಮುಚ್ಚಳದಲ್ಲಿ ಒಂದು ಫ್ಯಾನು, ಒಂದು ಬಲ್ಬು, ಒಳಗೆ ಏನು ನಡೆದಿದೆ ಎಂದು ನೋಡಲು ಅಂಗೈಯಗಲದ ಕಿಟಕಿ, ಮಿಣಮಿಣ ಎನ್ನುವ ಕೆಂಪು ಅಂಕಿ. ತಳದಲ್ಲಿ ಸಣ್ಣ ಸಣ್ಣ ಉರುಳೆಗಳು. ಮೊಟ್ಟೆಗಳನ್ನು ಉರುಳೆಗಳ ಮೇಲೆ ಮಲಗಿಸಿದರೆ, ಹೊತ್ತು ಹೊತ್ತಿಗೆ ಅವು ತಿರುಗಿ ಮೊಟ್ಟೆಯ ಮಗ್ಗುಲು ಬದಲಿಸುತ್ತವಂತೆ.

“ಕೋಳಿ ಇಲ್ದೆ ಮರಿ ಮಾಡೋ ಪೆಟ್ಗೆ ಅತ್ತೆಮ್ಮ,” ಎಂದಳು.

“ಐಸ್‌ಕ್ಯಾಂಡಿ ಮಾರೋನ್ ಡಬ್ಬ ಇದ್ದಂಗದೆ,” ಎಂದೆ. ಮನೆಯಲ್ಲಿ ಅದಕ್ಕೆ ಅದೇ ಹೆಸರು ನಿಂತಿತು.

ನನ್ನ ಮೊಟ್ಟೆ ಕೇಳಿದರೆ ಎಲ್ಲಿ ನಗುತ್ತೇನೋ ಎಂದು ಅವಳು ಅರಕೆರೆಯ ಅಂಗಡಿಯಿಂದ ಒಂದು ಟ್ರೇ ಬಿಳಿ ಮೊಟ್ಟೆ ತಂದು, ಹಿಡಿಸುವಷ್ಟನ್ನು ಒಳಗೆ ಜೋಡಿಸಿದಳು. ಕೆಂಪು ಅಂಕಿ ಮೂವತ್ತೇಳೂವರೆ ತೋರಿಸಬೇಕಂತೆ. ನನ್ನ ಕೋಳಿಗಳಿಗೆ ಯಾರೂ ಮೂವತ್ತೇಳೂವರೆ ಹೇಳಿಕೊಟ್ಟಿರಲಿಲ್ಲ. ಇಪ್ಪತ್ತೊಂದು ದಿನ ಅವಳು ಕೆಲಸದಿಂದ ಬಂದ ಕೂಡಲೇ ಚಪ್ಪಲಿಯನ್ನೂ ಬಿಡದೆ ಡಬ್ಬದ ಕಿಟಕಿಯೊಳಗೆ ಇಣುಕುತ್ತಿದ್ದಳು. ನಾನು ಹುರುಳಿಕಾಳು ಆರಿಸುತ್ತಾ ನೋಡುತ್ತಿದ್ದೆ. ಅಷ್ಟು ಚೆನ್ನಾಗಿ ಹೊತ್ತು ಹೋದದ್ದು ಇತ್ತೀಚೆಗೆ ಇಲ್ಲ. ಇಪ್ಪತ್ತೆರಡನೇ ದಿನ ಕೇಳಿದೆ:

“ಅಲ್ಲ ಕಣಮ್ಮಿ, ಈ ಮೊಟ್ಟೆ ಇಕ್ಕಿದ್ ಕೋಳಿ ಒಂದ್ ದಿಸನಾದ್ರೂ ಉಂಜದ್ ಮಕ ನೋಡಿತ್ತಾ?”

ಅವಳು ಬಿಂಡಿಗನವಿಲೆ ಕಡೆಯವಳು, ಕುರಿ ಸಾಕಿದ ಮನೆಯವಳು. ಟಗರಿಲ್ಲದೆ ಕುರಿ ಮರಿ ಹಾಕುವುದಿಲ್ಲ ಎಂಬುದು ಅವಳಿಗೆ ಹೇಳಿಕೊಡಬೇಕಾದ ಪಾಠವಲ್ಲ. ಅಂಗಡಿ ಮೊಟ್ಟೆಗೂ ಅದೇ ನ್ಯಾಯ ಎಂಬುದು ಮಾತ್ರ ಹೊಳೆದಿರಲಿಲ್ಲ.

“ಗೊತ್ತಿದ್ ಮೇಲೆ ಮೊದ್ಲೇ ಯೋಳ್ಬಾರ್ದಾಗಿತ್ತಾ ಅತ್ತೆಮ್ಮ?”

“ನೀನ್ ಕೇಳ್ನಿಲ್ವಲ್ಲ.”

ಅವಳು ಡಬ್ಬವನ್ನು ಒರೆಸಿ, ಅಟ್ಟದ ಮೇಲೆ ಈರುಳ್ಳಿ ಪಕ್ಕ ಇಟ್ಟಳು. ನಾನು ಈ ಕತೆಯನ್ನು ಕಂಡಕಂಡವರಿಗೆ ಹೇಳಿ ನಗಿಸಿದೆ. ಪಕ್ಕದ ಮನೆಯಲ್ಲಿರುವ ನನ್ನ ಓರಗಿತ್ತಿ, ಎಂದರೆ ಮೈದುನನ ಹೆಂಡತಿ, ಅದನ್ನು ಕಾಣದವರಿಗೂ ಮುಟ್ಟಿಸಿದಳು.

ಆಮೇಲೆ ನನ್ನ ಸರದಿ ಬಂತು.

ಬಿಸಿಲು ಏರುವ ಹೊತ್ತಿಗೆ ಊರಿಗೆ ಕೊಕ್ಕರೆ ರೋಗ ಬಂತು. ಅದು ಬಂದರೆ ಕೋಳಿಗಳು ತೂಕಡಿಸಿ, ಬಿಳಿ ಭೇದಿ ಮಾಡಿ, ಎರಡು ದಿನದಲ್ಲಿ ಮಲಗಿಬಿಡುತ್ತವೆ. ಸೊಸೆ ಮೊದಲೇ, “ಔಷ್ದಿ ಹಾಕ್ಸಾನ, ಪಾಂಡವಪುರದಿಂದ ತತ್ತೀನಿ,” ಎಂದಿದ್ದಳು. ನಾನು ಬೇವಿನಸೊಪ್ಪಿನ ನೀರು ಸಾಕು ಎಂದಿದ್ದೆ. ಸಾಕಾಗಲಿಲ್ಲ. ಅದು ನನ್ನದೇ ತಪ್ಪು, ದೇವರ ಮೇಲೆ ಹಾಕುವಂಥದ್ದಲ್ಲ. ಹಿತ್ತಿಲು ತುಂಬ ಇದ್ದ ಕರಿಕೋಳಿಗಳಲ್ಲಿ ಉಳಿದದ್ದು ಒಂದು ಹೆಣ್ಣು, ಒಂದು ಹುಂಜ.

ಆ ಹೆಣ್ಣು ಹನ್ನೊಂದು ಮೊಟ್ಟೆ ಇಟ್ಟು, ಮೈ ಉಬ್ಬಿಸಿಕೊಂಡು ಕೊರಕೊರ ಎನ್ನತೊಡಗಿತು. ಕಾವಿಗೆ ಕೂರುವ ಲಕ್ಷಣ. ಬಿದಿರು ಬುಟ್ಟಿ ಮಂಕರಿಯ ತಳಕ್ಕೆ ಮರಳು ಹಾಕಿ, ಮೇಲೆ ರಾಗಿಹುಲ್ಲು ಹಾಸಿದೆ. ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಇದ್ದಿಲಿನಲ್ಲಿ ಅಡ್ಡಗೀಟು ಎಳೆದೆ. ಬೇರೆ ಕೋಳಿ ಬಂದು ಕದ್ದು ಮೊಟ್ಟೆ ಇಟ್ಟರೆ ಗೊತ್ತಾಗಲಿ ಎಂದು ಮಾಡುವ ಗುರುತು ಅದು. ಬೇರೆ ಕೋಳಿ ಇರಲಿಲ್ಲ, ಆದರೂ ಕೈಗೆ ರೂಢಿ. ಹುಲ್ಲಿನೊಳಗೆ ಒಂದು ಲಾಳದ ಮೊಳೆ, ಒಂದು ತುಂಡು ಇದ್ದಿಲು, ಒಂದು ಒಣಮೆಣಸಿನಕಾಯಿ ಸಿಕ್ಕಿಸಿದೆ. ಗುಡುಗಿದರೆ ಮೊಟ್ಟೆಯೊಳಗಿನ ಜೀವ ಕಲಕಿಹೋಗುತ್ತದೆ, ಅದಕ್ಕೆ ಕಬ್ಬಿಣ. ಕೆಟ್ಟ ಕಣ್ಣಿಗೆ ಇದ್ದಿಲು. ಮೆಣಸಿನಕಾಯಿ ಯಾತಕ್ಕೆ ಎಂದು ನಾನು ನಮ್ಮವ್ವನನ್ನು ಕೇಳಿರಲಿಲ್ಲ. ಆ ಮೊಳೆ ನಮ್ಮ ಮನೆಯ ಎತ್ತಿನ ಕಾಲಿನದು. ಎತ್ತು ಹೋಗಿ ಟ್ರಾಕ್ಟರು ಬಂದು ಎಷ್ಟೋ ಕಾಲವಾಯಿತು, ಮೊಳೆ ಮಾತ್ರ ಕಾವಿನ ಕೆಲಸಕ್ಕೆ ಉಳಿದುಕೊಂಡಿತ್ತು.

ಒಂಬತ್ತನೇ ದಿನ ಬೆಳಿಗ್ಗೆ ಹಿತ್ತಿಲಿಗೆ ಹೋದರೆ ಮಂಕರಿ ಬೋರಲು ಬಿದ್ದಿತ್ತು. ಕರಿ ಪುಕ್ಕ ಹಿತ್ತಿಲಿನಿಂದ ನಾಲೆಯ ಏರಿಯವರೆಗೆ ಚೆಲ್ಲಿತ್ತು. ಮುಂಗುಸಿಯ ಕೆಲಸ. ಹುಂಜ ಗೋಡೆಯ ಮೇಲೆ ನಿಂತು, ಇದಕ್ಕೂ ತನಗೂ ಸಂಬಂಧವಿಲ್ಲ ಎನ್ನುವ ಹಾಗೆ ಕೂಗುತ್ತಿತ್ತು. ಮರಳಿನ ಮೇಲೆ ಉರುಳಿದ್ದರೂ ಹನ್ನೊಂದು ಮೊಟ್ಟೆಯೂ ಒಡೆದಿರಲಿಲ್ಲ. ಕೋಳಿ ಹಾರಿ ಹೊರಗೆ ಬಿದ್ದು ಮುಂಗುಸಿಯನ್ನು ತನ್ನ ಹಿಂದೆ ಎಳೆದುಕೊಂಡು ಹೋಗಿರಬೇಕು. ಅದೇನೂ ತ್ಯಾಗ ಎಂದು ನಾನು ಹೇಳುವುದಿಲ್ಲ. ಅದು ಆ ಜಾತಿಯ ಬುದ್ಧಿ.

ಮೊಟ್ಟೆ ಮುಟ್ಟಿದೆ. ತಣ್ಣಗಾಗುತ್ತಿದ್ದವು. ಊರಿನಲ್ಲಿ ರೋಗ ತಿರುಗಾಡಿದ ಮೇಲೆ ಕಾವಿಗೆ ಕೂತ ಕೋಳಿ ಯಾರ ಮನೆಯಲ್ಲೂ ಇರಲಿಲ್ಲ. ಅಕ್ಕಿಹೆಬ್ಬಾಳಿನಲ್ಲಿ ತಮ್ಮನ ಮನೆಯವರು ಎಂದೋ ಫಾರಂ ಕೋಳಿಗೆ ಬಿದ್ದಿದ್ದರು. ಅವ್ವ ಕೊಟ್ಟ ಜಾತಿ ಎಂದು ಭೂಮಿಯ ಮೇಲೆ ಉಳಿದದ್ದು ಈ ಹನ್ನೊಂದು ಮೊಟ್ಟೆ ಮತ್ತು ಗೋಡೆಯ ಮೇಲಿನ ಆ ಕೆಲಸಕ್ಕೆ ಬಾರದವನು. ಮೊಟ್ಟೆಗಳನ್ನು ಸೆರಗಿಗೆ ಕಟ್ಟಿಕೊಂಡು ಒಳಗೆ ಬಂದೆ. ಸೊಸೆ ಟಿಫನ್ ಕ್ಯಾರಿಯರ್ ಹಿಡಿದು ಹೊರಟಿದ್ದಳು.

“ಅಮ್ಮಿ, ಆ ಡಬ್ಬ ಎಲ್ಲದೆ?”

“ಯಾವ್ ಡಬ್ಬ?”

“ಅದೇ ಕಣೆ. ಅಟ್ಟದ್ ಮೇಲಿರದು.”

“ಅಟ್ಟದ್ ಮೇಲೆ ಈರುಳ್ಳಿ ಅದೆ.”

ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದಳು.

“ಮರಿ ಮಾಡೋ ಪೆಟ್ಗೆ,” ಎಂದೆ.

“ಅಂಗನ್ನಿ,” ಎಂದವಳೇ ಏಣಿ ತಂದಳು. ಹೊರಗೆ ವ್ಯಾನು ಎರಡು ಸಲ ಹಾರ್ನು ಹೊಡೆಯಿತು. ಬಾಗಿಲಿನಿಂದಲೇ ಕೈ ಬೀಸಿ ಅದನ್ನು ಕಳಿಸಿದಳು. ಆ ದಿನ ರಜ ಹಾಕಿದಳು ಎಂಬುದನ್ನು ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಡಬ್ಬ ಹದಕ್ಕೆ ಬರುವುದಕ್ಕೆ ಎರಡು ಗಂಟೆ ಬೇಕಂತೆ. ಅಲ್ಲಿಯವರೆಗೆ ಮೊಟ್ಟೆಗಳನ್ನು ಏನು ಮಾಡುವುದು? ಗೋಡೆಗೆ ಒರಗಿ ಕೂತು, ಮಡಿಲಿಗೆ ಹಾಕಿಕೊಂಡು, ಹೊಟ್ಟೆಗೆ ಒತ್ತಿಕೊಂಡು, ಮೇಲೆ ಕಂಬಳಿ ಹೊದ್ದುಕೊಂಡೆ. ಸುಡುವ ಬೇಸಿಗೆಯಲ್ಲಿ. ಅದೇ ಹೊತ್ತಿಗೆ ಸರಿಯಾಗಿ ಓರಗಿತ್ತಿ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದಳು.

“ಅಕ್ಕಯ್ಯ, ಇದೇನಿಂಗ್ ಕಂಬ್ಳಿ ಹೊದ್ಕಂಡ್ ಕುಂತಿದ್ದೀಯೆ? ಜರ ಬಂದದಾ?”

“ಜರ ಅಲ್ಲ. ಮಡ್ಲಲ್ಲಿ ಮೊಟ್ಟೆ ಅವೆ.”

ಅವಳು ಬಗ್ಗಿ ನೋಡಿದಳು. “ಈ ವಯಸ್ಸಲ್ಲಾ? ಎಷ್ಟ್ ತಿಂಗ್ಳು?”

“ಒಂಬತ್ ದಿನ. ಹೆಪ್ಪು ಒಲೆ ಪಕ್ಕದ್ ಲೋಟದಲ್ಲದೆ, ತಕಂಡ್ ಓಗು.”

ಹೆಪ್ಪು ತೆಗೆದುಕೊಂಡು ಅವಳು ತನ್ನ ಮನೆಗೆ ಹೋಗಲಿಲ್ಲ. ನೆಟ್ಟಗೆ ಹಾಲಿನ ಡೈರಿಗೆ ಹೋದಳು. ನನ್ನ ಹೊಸ ಹೆಸರು ಹುಟ್ಟಿದ್ದು ಅಲ್ಲಿ.

ಮೊಟ್ಟೆಗಳನ್ನು ಒಳಗಿಡುವ ಮೊದಲು ಸೊಸೆ ಕೋಣೆಯ ಬಾಗಿಲು ಹಾಕಿ, ಕಿಟಕಿಗೆ ದುಪ್ಪಟಿ ಕಟ್ಟಿ, ಮೊಬೈಲಿನ ಬೆಳಕನ್ನು ಒಂದೊಂದೇ ಮೊಟ್ಟೆಯ ಬುಡಕ್ಕೆ ಹಿಡಿದಳು. ಬದುಕಿನುದ್ದಕ್ಕೂ ಮೊಟ್ಟೆ ಮುಟ್ಟಿದವಳು ನಾನು, ಒಳಗೆ ನೋಡಿದ್ದು ಅದೇ ಮೊದಲು. ಅರಳಿ ಎಲೆಯ ನರಗಳ ಹಾಗೆ ಕೆಂಪು ದಾರಗಳು. ನಡುವೆ ಒಂದು ಕಪ್ಪು ಚುಕ್ಕೆ ಮಿಡುಕುತ್ತಿತ್ತು. ಒಂದು ಮೊಟ್ಟೆ ಮಾತ್ರ ಬರಿದು. ಉಳಿದ ಹತ್ತರಲ್ಲೂ ಜೀವವಿತ್ತು.

“ನೋಡುದ್ರಾ?” ಎಂದಳು.

“ಬೆಳಕು ಕಣ್ಗ್ ಒಡೀತದೆ, ಅತ್ಲಾಗ್ ಇಡ್ಕೊ,” ಎಂದೆ. ಆಮೇಲೆ ಇನ್ನೊಂದು ಸಲ ತೋರಿಸು ಎಂದು ನಾನೇ ಕೇಳಿದೆ.

ಮೂರು ನಾಲ್ಕು ದಿನ ಎಲ್ಲ ಸರಿಯಾಗಿತ್ತು. ಉರುಳೆ ತಿರುಗುವುದನ್ನು ಇದ್ದಿಲಿನ ಗೀಟು ಹೇಳುತ್ತಿತ್ತು. ಬೆಳಿಗ್ಗೆ ಗೀಟು ಮೇಲಿದ್ದರೆ ಮಧ್ಯಾಹ್ನ ಕೆಳಗೆ. ಮಗ್ಗುಲು ಬದಲಿಸದಿದ್ದರೆ ಒಳಗಿನ ಮರಿ ಮೊಟ್ಟೆಯ ಓಡಿಗೆ ಅಂಟಿಕೊಂಡು ಸಾಯುತ್ತದೆ ಎಂಬುದು ಕೋಳಿಗೂ ಗೊತ್ತು, ಡಬ್ಬ ಮಾಡಿದವನಿಗೂ ಗೊತ್ತಿತ್ತು. ಅಷ್ಟಕ್ಕೆ ಅವನನ್ನು ಒಪ್ಪಿಕೊಂಡೆ.

ಆದರೆ ಒಂದು ಮಧ್ಯಾಹ್ನ ಮೇಲುಕೋಟೆ ದಿಕ್ಕಿನಲ್ಲಿ ಮೋಡ ಕಪ್ಪಾಯಿತು. ಮೊದಲ ಗುಡುಗು ಕೇಳಿದ ಕೂಡಲೇ ನನಗೆ ಹೊಳೆಯಿತು. ಡಬ್ಬ ಮಾಡಿದವನು ಶಾಖ ಇಟ್ಟಿದ್ದಾನೆ, ತೇವಕ್ಕೆ ನೀರು ಇಟ್ಟಿದ್ದಾನೆ, ಗಾಳಿ ಇಟ್ಟಿದ್ದಾನೆ. ಗುಡುಗಿಗೆ ಏನೂ ಇಟ್ಟಿಲ್ಲ! ಸೊಸೆ ಕೆಲಸಕ್ಕೆ ಹೋಗಿದ್ದಳು. ನಾನು ಹಿತ್ತಿಲಿಗೆ ಹೋಗಿ ಮಂಕರಿಯ ಹುಲ್ಲು ಕೆದಕಿ ಲಾಳದ ಮೊಳೆ, ಇದ್ದಿಲು, ಮೆಣಸಿನಕಾಯಿ ತಂದೆ. ಮುಚ್ಚಳ ಎತ್ತಿ ಒಂದು ಮೂಲೆಯಲ್ಲಿ ಇಟ್ಟು ಮುಚ್ಚಿದೆ. ಗುಡುಗು ಎರಡು ಸಲ ಗುಡುಗಿ, ಮಳೆ ಬಾರದೆ, ಕೆ.ಆರ್. ಪೇಟೆ ಕಡೆಗೆ ಹೋಯಿತು. ನೋಡಿದೆಯಾ ಮೊಳೆಯ ಕೆಲಸ ಎಂದುಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಗೀಟು ಮೇಲಿತ್ತು. ಮಧ್ಯಾಹ್ನವೂ ಮೇಲೆ. ಸಂಜೆಯೂ ಮೇಲೆ. ಅದರ ಮಾರನೆಯ ದಿನವೂ ಹಾಗೆಯೇ. ಸೊಸೆ ವ್ಯಾನು ಇಳಿದು ಬಂದ ಕೂಡಲೇ ಹಿಡಿದುಕೊಂಡೆ.

“ನಿನ್ ಪೆಟ್ಗೆ ಸೋಮಾರಿ ಆಗದೆ ಕಣಮ್ಮಿ. ಎರಡ್ ದಿಸದಿಂದ ಮಗ್ಲು ಬದ್ಲಾಯಿಸ್ನಿಲ್ಲ. ಕೋಳಿ ಆಗಿದ್ರೆ ಇಂಗ್ ಮಾಡ್ತಿತ್ತಾ?”

“ಅದ್ಯಾಕಂಗಾಯ್ತು?” ಎಂದು ಅವಳು ಮುಚ್ಚಳ ಎತ್ತಿ ಮುಖ ಬಗ್ಗಿಸಿದಳು. ಬಗ್ಗಿಸಿದವಳೇ ಸೀನಿದಳು. ಒಂದಲ್ಲ, ಏಳೆಂಟು ಸೀನು. ಎರಡು ದಿನ ಬಿಸಿಗಾಳಿಯಲ್ಲಿ ಹುರಿದ ಮೆಣಸಿನಕಾಯಿಯ ಘಾಟು ಒಮ್ಮೆಗೇ ಮೇಲೆದ್ದಿತ್ತು. ನಾನೂ ಸೀನಿದೆ. ಪಕ್ಕದ ಮನೆಯಿಂದ ಓರಗಿತ್ತಿ, “ಏನ್ರೇ ಅದು, ಒಗ್ಗರ್ಣೆ ಸೀದೋಯ್ತಾ?” ಎಂದು ಕೂಗಿದಳು.

ಕಣ್ಣೊರೆಸಿಕೊಂಡು ಸೊಸೆ ಕೈ ಹಾಕಿದಳು. ಮೊದಲು ಮೆಣಸಿನಕಾಯಿ ಬಂತು. ಆಮೇಲೆ ಇದ್ದಿಲು. ಕೊನೆಗೆ ಎರಡು ಉರುಳೆಗಳ ನಡುವೆ ಕಚ್ಚಿಕೊಂಡಿದ್ದ ಲಾಳದ ಮೊಳೆಯನ್ನು ಇಕ್ಕಳದಲ್ಲಿ ಎಳೆದಳು. ಅದರ ಜೊತೆಗೆ ಉರುಳೆ ತಿರುಗಿಸುವ ಪ್ಲಾಸ್ಟಿಕ್ ಚಕ್ರದ ಒಂದು ಹಲ್ಲೂ ಮುರಿದು ಬಂತು. ಮೂರನ್ನೂ ಅಂಗೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು.

“ನಾನೇ ಮಡಗಿದ್ದು,” ಎಂದೆ. ಸುಳ್ಳು ಹೇಳಿ ಏನು ಪ್ರಯೋಜನ? ಮನೆಯಲ್ಲಿ ಮೂರನೆಯವನು ನನ್ನ ಮಗ, ಅವನಿಗೆ ಡಬ್ಬ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ. “ಗುಡುಗ್ತಿತ್ತು. ಅದ್ಕೇ ಮಡಗ್ದೆ. ಮೊಳೆ ಮಡಗ್ಬಾರ್ದು ಅಂತ ಮೊದ್ಲೇ ಯೋಳ್ಬಾರ್ದಾಗಿತ್ತಾ ನೀನು?”

“ನೀವ್ ಕೇಳ್ನಿಲ್ವಲ್ಲ ಅತ್ತೆಮ್ಮ.”

ಎಷ್ಟು ದಿನದಿಂದ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡಿದ್ದಳೋ. ಅಷ್ಟು ಹಾಯಾಗಿ ಅವಳು ನಕ್ಕದ್ದನ್ನು ನಾನು ಮದುವೆಯಲ್ಲಿಯೂ ನೋಡಿರಲಿಲ್ಲ. ನಗು ಮುಗಿದ ಮೇಲೆ ಮೊಟ್ಟೆಗಳಿಗೆ ಬೆಳಕು ಹಿಡಿದಳು. ಒಂದರೊಳಗೆ ಮಿಡುಕು ನಿಂತಿತ್ತು. ಒಂಬತ್ತು ಉಳಿದವು.

ಶಾಖಕ್ಕೆ ಏನೂ ಆಗಿರಲಿಲ್ಲ. ಉರುಳೆ ಮಾತ್ರ ಇನ್ನು ತಿರುಗುವಂತಿರಲಿಲ್ಲ. ಹದಿನೆಂಟನೇ ದಿನದವರೆಗೆ ಕೈಯಿಂದಲೇ ತಿರುಗಿಸಬೇಕು ಎಂದಳು ಸೊಸೆ, ಹಗಲಿಗೆ ಐದು ಸಲ. ಅವಳು ಕೆಲಸಕ್ಕೆ ಹೋಗುವವಳು. ಮೊಳೆ ಇಟ್ಟವಳು ನಾನು. ಕಾಪಿ ಕುಡಿದು ಒಂದು ಸಲ, ತಿಂಡಿ ಆದ ಮೇಲೆ ಒಂದು ಸಲ, ಮುದ್ದೆ ಉಂಡು ಒಂದು ಸಲ, ಹೀಗೆ ಡಬ್ಬದ ಮುಂದೆ ಮಣೆ ಹಾಕಿಕೊಂಡು ಕೂತುಬಿಟ್ಟೆ. ಸುಮ್ಮನೆ ತಿರುಗಿಸಲು ಬೇಜಾರು. ಒಂದೊಂದನ್ನೂ ಬೈದುಕೊಂಡು ತಿರುಗಿಸುತ್ತಿದ್ದೆ. ‘ನಿಮ್ಮವ್ವ ಮಂಕ್ರಿ ಬುಟ್ ಓಡೋದ್ಲು, ನನ್ ತಲೆಗ್ ಕಟ್ಟುದ್ಲು.’ ಹೀಗೆ.

ಆ ಮಧ್ಯದಲ್ಲಿಯೇ ನನ್ನ ತಮ್ಮನ ಮೊಮ್ಮಗಳ ಮದುವೆಯ ಬೀಗರ ಊಟ ಬಂತು. ಅಕ್ಕಿಹೆಬ್ಬಾಳಿನಲ್ಲಿ. ನಮ್ಮ ಕಡೆ ಮದುವೆಗೆ ಹೋಗದಿದ್ದರೂ ನಡೆಯುತ್ತದೆ. ಬಾಡೂಟ ಬಿಟ್ಟರೆ ಒಂದೋ ಜಗಳವಾಗಿರಬೇಕು, ಇಲ್ಲ ಹಲ್ಲು ಉದುರಿರಬೇಕು. ನನಗೆ ಎರಡೂ ಆಗಿರಲಿಲ್ಲ. ಹೋಗಿ ಬರಲು ಇಡೀ ಹಗಲು ಬೇಕು, ಐದು ಸಲ ತಿರುಗಿಸುವವರು ಯಾರು? ಮನೆಯವರೆಲ್ಲ ಹೋದರು, ನಾನು ಉಳಿದೆ. ಊಟದ ಪಂಕ್ತಿಯಲ್ಲಿಯೇ ತಮ್ಮ ಕೇಳಿದನಂತೆ, “ಅಕ್ಕ ಯಾಕ್ ಬರ್ನಿಲ್ಲ, ಉಸಾರಿಲ್ವಾ?” ಸೊಸೆ ಬಾಯಿ ತೆರೆಯುವ ಮೊದಲೇ ಓರಗಿತ್ತಿ ಹೇಳಿದಳಂತೆ, “ಉಸಾರಾಗವ್ಳೆ. ಕಾವಿಗ್ ಕುಂತವ್ಳೆ, ಏಳಂಗಿಲ್ಲ.” ಪಂಕ್ತಿಯುದ್ದಕ್ಕೂ ನಕ್ಕರಂತೆ. ನನಗೆ ಅವಮಾನವೇನೂ ಆಗಲಿಲ್ಲ. ಆದರೆ ಬಾಡಿನ ಸಾರನ್ನು ಡಬ್ಬಿಗೆ ಹಾಕಿಸಿಕೊಂಡು ಬರಲು ಒಬ್ಬರಿಗೂ ನೆನಪಾಗಿರಲಿಲ್ಲ, ಅದಕ್ಕೆ ಸಿಟ್ಟು ಬಂತು.

ಹದಿನೆಂಟಕ್ಕೆ ತಿರುಗಿಸುವುದನ್ನು ನಿಲ್ಲಿಸಿದೆವು. ಇಪ್ಪತ್ತೊಂದು ಬಂತು. ಏನೂ ಇಲ್ಲ. ಇಪ್ಪತ್ತೆರಡನೇ ದಿನ ಭಾನುವಾರ, ಸೊಸೆ ಮನೆಯಲ್ಲಿದ್ದಳು. ಓರಗಿತ್ತಿ ಬಂದು ಕಿಟಕಿಯಲ್ಲಿ ಇಣುಕಿ, “ಅಕ್ಕಯ್ಯ, ನಾರೋಕ್ ಮುಂಚೆ ತಿಪ್ಪೆಗಾಕ್ಬುಡು,” ಎಂದಳು. ನನಗೂ ಹಾಗೆಯೇ ಅನ್ನಿಸಿತ್ತು. ಹೋದದ್ದನ್ನು ಇಟ್ಟುಕೊಂಡು ಕೂರುವವಳಲ್ಲ ನಾನು. ಮುಚ್ಚಳಕ್ಕೆ ಕೈ ಹಾಕಿದೆ. ಸೊಸೆ ಕೈ ಹಿಡಿದಳು.

“ಅವತ್ತು ತಣ್ಣಗಾಗಿದ್ವಲ್ಲ ಅತ್ತೆಮ್ಮ, ತಡ ಆಯ್ತದೆ. ನಮ್ಮೂರಲ್ಲಿ ಕುರಿ ಮರಿ ಹಾಕೋದ್ ತಡ ಆದ್ರೆ ತಿಪ್ಪೆಗಾಕ್ತೀವಾ?”

ಅವಳು ಅಡುಗೆ ಮನೆಗೆ ಹೋದಳು. ನಾನು ಮಣೆಯ ಮೇಲೆ ಕೂತೆ. ಕೋಳಿ ಮರಿ ಒಡೆಯುವ ದಿನ ಮೊಟ್ಟೆಯೊಳಗಿನ ಪಿಳ್ಳೆಯನ್ನು ಕರೆಯುತ್ತದೆ, ಅದನ್ನು ಎಷ್ಟೋ ಸಲ ಕೇಳಿದ್ದೇನೆ. ಡಬ್ಬ ಕರೆಯುವುದಿಲ್ಲ. ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು, ಗಾಳಿ ಹೋಗುವ ತೂತಿಗೆ ಬಾಯಿಟ್ಟು, ಕೊರ್ರ್, ಕೊರ್ರ್ ಎಂದೆ. ಏನೂ ಇಲ್ಲ. ಇನ್ನೊಂದು ಸಲ ಎಂದೆ. ಒಳಗಿನಿಂದ, ಸೂಜಿಯಲ್ಲಿ ಚುಚ್ಚಿದಷ್ಟು ಸಣ್ಣಗೆ, ಚೀಂವ್ ಎಂದಿತು.

“ಉತ್ರ ಕೊಡ್ತದಾ?” ಬಾಗಿಲಲ್ಲಿ ಓರಗಿತ್ತಿ ನಿಂತಿದ್ದಳು. ಅವಳು ಹೋಗಿರಲೇ ಇಲ್ಲ.

“ಕೊಡ್ತದೆ. ನಿನ್ ಸೊಸೆಗಿಂತ ಮರ್ಯಾದೆಯಾಗ್ ಕೊಡ್ತದೆ,” ಎಂದೆ.

ಸಂಜೆಯೊಳಗೆ ಏಳು ಪಿಳ್ಳೆ ಹೊರಬಂದವು. ಎರಡು ಬರಲಿಲ್ಲ. ಅವನ್ನು ನುಗ್ಗೆಮರದ ಬುಡಕ್ಕೆ ಹಾಕಿದೆ. ಒದ್ದೆಯಾಗಿ, ಸುಟ್ಟ ಬದನೆಕಾಯಿಯ ಹಾಗೆ ಅಸಹ್ಯವಾಗಿದ್ದ ಪಿಳ್ಳೆಗಳು ಬೆಳಗಾಗುವಷ್ಟರಲ್ಲಿ ಕರಿ ಉಂಡೆಗಳಾದವು. ಈ ಸಲ ಔಷಧಿ ಹಾಕಿಸಲು ಸೊಸೆ ಕೇಳಲಿಲ್ಲ, ನಾನೇ ಬುಟ್ಟಿ ಹಿಡಿದು ಪಾಂಡವಪುರದ ಬಸ್ಸು ಹತ್ತಿದೆ.

ಕಷ್ಟ ಬಂದದ್ದು ಆಮೇಲೆ. ಹಿತ್ತಿಲಿಗೆ ಬಿಟ್ಟರೆ ಏಳೂ ನನ್ನ ಕಾಲ ಹಿಂದೆಯೇ. ಬಟ್ಟೆ ಒಗೆಯಲು ಹೋದರೆ ಕಲ್ಲಿನ ಹತ್ತಿರ, ಕಸ ಹಾಕಲು ಹೋದರೆ ತಿಪ್ಪೆಯ ಹತ್ತಿರ. ಹದ್ದು ಬಂದರೆ ಕೂಗುವ ತಾಯಿ ಇಲ್ಲ. ಇಂಥ ಜಾತಿಯವೂ ಫಾರಂ ಕೋಳಿಯ ಹಾಗೆ ಕತ್ತೆತ್ತಿ ನೋಡುತ್ತಾ ನಿಂತವು. ಕಲಿಸದೆ ಯಾವ ಜಾತಿಗೂ ಬುದ್ಧಿ ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಆಕಾಶದಲ್ಲಿ ಹದ್ದು ಕಂಡರೆ ನಾನೇ ಕ್ರ್ಯಾಂ ಎಂದು ಅರಚಿ, ಸೆರಗು ಹರಡಿ, ಬೇಲಿಯ ಕಡೆ ಓಡಬೇಕಾಯಿತು. ಈ ಮಂಡಿ ಇಟ್ಟುಕೊಂಡು. ಹತ್ತು ಹದಿನೈದು ದಿನದಲ್ಲಿ ಕಲಿತವು. ಊರು ನೋಡಬೇಕಾದದ್ದನ್ನೆಲ್ಲ ನೋಡಿತು.

ಬೆಳೆದ ಮೇಲೆ ನೋಡಿದರೆ ನಾಲ್ಕು ಹುಂಜ, ಮೂರು ಹ್ಯಾಟೆ. ಎರಡು ಹುಂಜ ಸಾರಾದವು. ಒಂದನ್ನು ಬೀಗರ ಊಟದ ಬಾಕಿ ಎಂದು ನಾನೇ ಹೆಚ್ಚು ತಿಂದೆ. ಸಾಕಿದವಳಿಗೆ ಗಂಟಲಲ್ಲಿ ಇಳಿಯಿತೇ ಎಂದು ಓರಗಿತ್ತಿ ಕೇಳಿದಳು. ಚೆನ್ನಾಗಿ ಇಳಿಯಿತು.

ಸೊಸೆ ಹಲ್ಲು ಮುರಿದ ಚಕ್ರದ ಬದಲು ಹೊಸದು ತರಿಸಿದ್ದಾಳೆ. ಹಾಕುವುದಕ್ಕೆ ಮಾತ್ರ ಆಗಿಲ್ಲ. ಹೋದ ತಿಂಗಳು ಉರುಳೆಗಳನ್ನು ಬಿಚ್ಚಿ, ಮುಚ್ಚಳ ತೆಗೆದು, ಬರಿ ಡಬ್ಬವನ್ನು ತೊಳೆದು ಜಗುಲಿಯ ಮೇಲೆ ಒಣಗಲು ಇಟ್ಟಿದ್ದಳು. ಮೂರು ಹ್ಯಾಟೆಗಳಲ್ಲಿ ದೊಡ್ಡದು, ಮೊಟ್ಟೆ ಇಡಲು ನಾನು ಹುಲ್ಲು ಹಾಸಿದ್ದ ಮಂಕರಿಯನ್ನು ಬಿಟ್ಟು, ನೆಟ್ಟಗೆ ಹೋಗಿ ಆ ಥರ್ಮಾಕೋಲಿನೊಳಗೆ ಕೂತಿತು. ಮೊಟ್ಟೆಯ ಮೇಲೆ ಮೊಟ್ಟೆ ಇಟ್ಟಿತು. ಈಗ ಮೈ ಉಬ್ಬಿಸಿಕೊಂಡು ಕೊರಕೊರ ಎನ್ನುತ್ತಿದೆ. ಎತ್ತಲು ಹೋದ ಸೊಸೆಯ ಕೈಗೆ ಕುಕ್ಕಿತು.

“ಅತ್ತೆಮ್ಮ, ನನ್ ಪೆಟ್ಗೆ ಬುಡ್ಸಿಕೊಡಿ!”

“ಅದ್ರ ತವರ್ಮನೆ ಕಣಮ್ಮಿ ಅದು. ನಾನೇನ್ ಮಾಡ್ಲಿ?”

ಅವಳು ಗೊಣಗುತ್ತಾ ಹೋಗಿ, ಅದರ ಸುತ್ತ ಮುಂಗುಸಿ ನುಗ್ಗದ ಹಾಗೆ ತಂತಿಯ ಜಾಲರಿ ಕಟ್ಟಿಸಿದಳು. ನಾನು ಮೊಟ್ಟೆಗಳಿಗೆ ಗೀಟು ಎಳೆದು, ಡಬ್ಬದ ಮೂಲೆಯಲ್ಲಿ ಲಾಳದ ಮೊಳೆ ಇಟ್ಟಿದ್ದೇನೆ. ಇದ್ದಿಲೂ ಇಟ್ಟಿದ್ದೇನೆ. ಮೆಣಸಿನಕಾಯಿ ಇಟ್ಟಿಲ್ಲ.